ಸಸ್ಯದ ಸಾಮರ್ಥ್ಯ ದಿನಕ್ಕೆ 500 ಟನ್!

ಮಾನ್ಯ ಸಂಪಾದಕರೇ,

ಪರಿಸರ ಸಾರ್ವಜನಿಕ ಆಲಿಕೆಯ, ಅಂದರೆ ಕಾರ್ಖಾನೆ ಬರುವ ಅಥವಾ ದೊಡ್ಡದಾಗುವ ಮುಂಚೆ ಊರಿನವರ ಮಾತು ಕೇಳುವ ಸಭೆಯ ಪ್ರಕಟಣೆಗಳು ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಆಗಾಗ ಬರುತ್ತವೆ. ಸಣ್ಣ ಅಕ್ಷರ, ಟೆಂಡರುಗಳ ಪಕ್ಕ. ಸುಮಾರು ಜನ ನೋಡದೆ ಪುಟ ತಿರುವಿಬಿಡುತ್ತಾರೆ. ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಪ್ರಕಟಣೆ ಬಂದ ಎರಡು ಮೂರು ದಿನಕ್ಕೆ ಯಾರಾದರೂ ಒಬ್ಬರು ನನ್ನ ಅಂಗಡಿಗೆ ಬಂದೇ ಬರುತ್ತಾರೆ. ಕೊಪ್ಪಳ ಜಿಲ್ಲೆಯ ಒಂದು ಊರಿನ ಬಸ್ ಸ್ಟ್ಯಾಂಡ್ ಎದುರು 14 ವರ್ಷದಿಂದ ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಪಹಣಿ, ಆಧಾರ್, ಲಗ್ನಪತ್ರಿಕೆ, ಎಲ್ಲಾ ಇಲ್ಲೇ.

ಕಳೆದ ಸಲ ಬಂದವರು ಪಕ್ಕದ ಹಳ್ಳಿಯ ವಯಸ್ಸಾದ ರೈತರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ 18 ಪುಟ. ಅವರ ಹೊಲದ ಆಚೆಗಿರುವ ಸ್ಪಾಂಜ್ ಐರನ್ (ಉಕ್ಕು ಮಾಡಲು ಬಳಸುವ ಕಬ್ಬಿಣ) ಕಾರ್ಖಾನೆ ಇನ್ನೂ ದೊಡ್ಡದಾಗಲಿದೆ. ಅದರ ಪರಿಸರ ವರದಿಯ ಕನ್ನಡ ಸಾರಾಂಶವನ್ನು ಪಂಚಾಯಿತಿಯಿಂದ ತಂದಿದ್ದರು.

"ಯವ್ವಾ, ನಾಕ್ ಸಲ ಓದೀನಿ, ತಿಳೀವಲ್ದು. ಇವ್ರು ಫ್ಯಾಕ್ಟರಿ ಹಾಕ್ತಾರೋ, ಗಿಡ ಹಚ್ತಾರೋ?" ಅಂದರು.

ನೋಡಿದೆ. ಮೊದಲ ಪುಟದಲ್ಲೇ ‘ಪ್ರಸ್ತಾವಿತ ಸಸ್ಯದ ಸಾಮರ್ಥ್ಯ ದಿನಕ್ಕೆ 500 ಟನ್’ ಅಂತ ಇತ್ತು. ಇಂಗ್ಲಿಷಿನ ಪ್ಲಾಂಟ್ ಇಲ್ಲಿ ಸಸ್ಯವಾಗಿತ್ತು. ಚಿಮಣಿ ಅನ್ನಬೇಕಾದಲ್ಲಿ ‘ರಾಶಿಯ ಎತ್ತರ’. ಚಿಮಣಿಗೆ ಹೋಗದೆ, ಕಲ್ಲಿದ್ದಲು ಸುರಿಯುವಾಗ, ಲಾರಿ ಓಡಾಡುವಾಗ ಏಳುವ ಧೂಳಿಗೆ ಇಂಗ್ಲಿಷಿನಲ್ಲಿ ಫ್ಯುಜಿಟಿವ್ ಎಮಿಶನ್ ಅನ್ನುತ್ತಾರೆ. ಅದು ‘ಪರಾರಿಯಾದ ಹೊರಸೂಸುವಿಕೆ’ ಆಗಿತ್ತು. ಕಂಪ್ಯೂಟರ್‌ನಲ್ಲಿ ಅನುವಾದ ಮಾಡಿ, ಒಬ್ಬರೂ ಓದದೆ ಪ್ರಿಂಟ್ ಹಾಕಿದ್ದಾರೆ. ದಿನಾ ಟೈಪ್ ಮಾಡುವವಳಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ. ಇಬ್ಬರೂ ನಕ್ಕೆವು.

ಆಮೇಲೆ ಅವರು ಅದೇ ಚೀಲದಿಂದ ಒಂದು ಹಿಡಿ ಹತ್ತಿ ತೆಗೆದು ಕೌಂಟರ್ ಮೇಲಿಟ್ಟರು. ಬಿಳಿ ಅಲ್ಲ, ಬೂದಿ ಬಣ್ಣ. ಹಿಸುಕಿದರೆ ಬೆರಳಿಗೆ ಮಸಿ. "ಇದರ ಬಗ್ಗೆ ಏನ್ ಬರದಾರ, ಅಷ್ಟ ಹೇಳು" ಅಂದರು. ಅವರು ಹೋದ ಮೇಲೆ ಕೌಂಟರ್ ಒರೆಸಿದ ಬಟ್ಟೆಯನ್ನು ಎರಡು ಸಲ ತೊಳೆಯಬೇಕಾಯಿತು.

ಅದರ ಬಗ್ಗೆ ಸಾರಾಂಶದಲ್ಲಿದ್ದದ್ದು ಒಂದೇ ಸಾಲು: ‘ಗಾಳಿಯ ಗುಣಮಟ್ಟವು ಮಿತಿಯೊಳಗಿದೆ.’ ಪೂರ್ತಿ ವರದಿ ಇಂಗ್ಲಿಷಿನಲ್ಲಿ, 612 ಪುಟ. ನೆಟ್‌ನಲ್ಲಿ ಸಿಕ್ಕಿತು. ಪುಟಕ್ಕೆ 2 ರೂಪಾಯಿಯಂತೆ 1,224 ರೂಪಾಯಿ ಆಗುತ್ತದೆ, ಪ್ರಿಂಟ್ ಬೇಡ ಅಂದೆ. ಅಂಗಡಿ ಮುಚ್ಚಿದ ಮೇಲೆ ನಾನೇ ಕೂತು ಹುಡುಕಿದೆ. ನನ್ನದು ಬಿ.ಎ., ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂರನೇ ರಾತ್ರಿ ಒಂದು ಟೇಬಲ್‌ನಲ್ಲಿ ಅವರ ಊರಿನ ಹೆಸರು ಸಿಕ್ಕಿತು. ಪಿಎಂ 10, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಧೂಳು. 24 ಗಂಟೆಯ ಲೆಕ್ಕಕ್ಕೆ ದೇಶದ ಮಿತಿ ಘನಮೀಟರಿಗೆ 100 ಮೈಕ್ರೊಗ್ರಾಂ. ಅವರ ಊರಿನಲ್ಲಿ ದಾಖಲಾದ ಅತಿ ಹೆಚ್ಚು 94. ವಿಸ್ತರಣೆ ಆದ ಮೇಲೆ ಇನ್ನೂ 4 ಸೇರುತ್ತದೆ ಅಂತ ಬೇರೊಂದು ಅಧ್ಯಾಯದಲ್ಲಿತ್ತು. ಕೂಡಿದರೆ 98. ಮಿತಿಯೊಳಗೇ ಇದೆ, ಸುಳ್ಳು ಹೇಳಿಲ್ಲ! ತುಂಬಿದ ಕೊಡ ಹೊತ್ತವಳ ತಲೆ ಮೇಲೆ ಇನ್ನೊಂದು ತಂಬಿಗೆ ಸುರಿದು ‘ಇನ್ನೂ ತುಳುಕಿಲ್ಲವಲ್ಲ’ ಅಂದ ಹಾಗೆ. ಈ ಅಂಕಿಗಳು ಕನ್ನಡದ 18 ಪುಟದಲ್ಲಿ ಎಲ್ಲೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ಓದಿದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಇದಕ್ಕೆ ಆಧಾರ. ಆಲಿಕೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಪತ್ರಿಕೆ ತಲುಪದ ಊರಿಗೆ ಡಂಗುರ ಹೊಡೆಸಿಯಾದರೂ ತಿಳಿಸಬೇಕು. ಸಭೆ ಮುಗಿದಾಗ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇಷ್ಟೆಲ್ಲಾ ಚೆನ್ನಾಗಿದೆ. ಆದರೆ ವರದಿಯ ವಿಷಯಕ್ಕೆ ಬಂದರೆ ಸ್ಥಳೀಯ ಭಾಷೆಯಲ್ಲಿ ಸಾರಾಂಶ ಕೊಟ್ಟರೆ ಸಾಕು. ಡಂಗುರ ಕನ್ನಡದಲ್ಲಿ, ನಡಾವಳಿ ಕನ್ನಡದಲ್ಲಿ, ನಡುವಿನ 612 ಪುಟ ಮಾತ್ರ ಇಂಗ್ಲಿಷಿನಲ್ಲಿ. ಇದ್ಯಾವ ಲೆಕ್ಕ?

1996ರಲ್ಲಿ ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಹಾನಿ ಆಗುವ ಮುಂಚೆಯೇ ಎಚ್ಚರ ವಹಿಸಬೇಕು. ಹೊಲಸು ಮಾಡಿದವರೇ ಅದರ ಖರ್ಚು ಹೊರಬೇಕು. ಜೊತೆಗೆ, ತೊಂದರೆ ಇಲ್ಲ ಎಂದು ತೋರಿಸುವ ಹೊಣೆ ಉದ್ಯಮ ನಡೆಸುವವರದ್ದು ಅಂತಲೂ ಹೇಳಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲೂ ಆ ಎರಡು ತತ್ವಗಳಿವೆ. ಸರಿ, ತೊಂದರೆ ಇಲ್ಲ ಅಂತ ತೋರಿಸಬೇಕಾದ್ದು ಯಾರಿಗೆ? ದೆಹಲಿಯ ಕಚೇರಿಗೆ ಮಾತ್ರವೋ, ಹತ್ತಿ ಕಪ್ಪಾದವರಿಗೂ ಹೌದೋ? ಅನುಮತಿ ಸಿಕ್ಕ ಮೇಲೆ ಹಸಿರು ಪೀಠಕ್ಕೆ ಹೋಗಲು ಇರುವುದು 30 ದಿನ. ಕಾರಣ ಕೊಟ್ಟರೆ ಇನ್ನೂ 60 ದಿನದವರೆಗೆ ಸಿಗಬಹುದು. ನಮಗೆ ಪೀಠ ಇರುವುದು ಚೆನ್ನೈನಲ್ಲಿ. 612 ಪುಟ ಓದಿಸುವುದರಲ್ಲೇ ಆ ದಿನಗಳು ಕಳೆದುಹೋಗುತ್ತವೆ, ಅಲ್ವಾ?

ಈ ಭಾಷೆಯ ಜಗಳ ಹೊಸದಲ್ಲ. 2020ರಲ್ಲಿ ಕೇಂದ್ರ ಇದೇ ಅಧಿಸೂಚನೆಯ ಹೊಸ ಕರಡು ತಂದಿತು. 30 ದಿನವನ್ನು 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ, ಕನ್ನಡವೂ ಸೇರಿದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಹಿಂದಿ, ಇಂಗ್ಲಿಷ್ ಇದ್ದರೆ ಕಾನೂನಿಗೆ ಸಾಕು ಎಂದು ಕೇಂದ್ರ ವಾದಿಸಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತ್ತು.

ಅನುವಾದಕ್ಕೆ ಜಾಸ್ತಿ ಖರ್ಚಾಗುತ್ತದೆ ಅನ್ನುವವರಿಗೆ ನನ್ನ ಅಂಗಡಿ ಲೆಕ್ಕ ಹೇಳುತ್ತೇನೆ. ಪುಟಕ್ಕೆ ಅನುವಾದಕ್ಕೆ 250, ಟೈಪಿಂಗ್‌ಗೆ 30, ಪ್ರೂಫ್ ನೋಡಲು 20 ಹಿಡಿಯಿರಿ. 612 ಪುಟಕ್ಕೆ 1,83,600 ರೂಪಾಯಿ. ಕೋಟಿಗಟ್ಟಲೆ ಹಾಕಿ ಕಾರ್ಖಾನೆ ಕಟ್ಟುವವರಿಗೆ ಇದು ಗೇಟಿನ ಬಣ್ಣದ ಖರ್ಚೂ ಅಲ್ಲ. ಎಲ್ಲಾ ಬೇಡ ಅಂದರೆ ಊರೂರಿನ ಗಾಳಿ, ನೀರು, ಮಣ್ಣಿನ ಟೇಬಲ್‌ಗಳು, ಅಪಘಾತ ಆದರೆ ಏನು ಮಾಡಬೇಕೆಂಬ ಅಧ್ಯಾಯ, ಕಾರ್ಖಾನೆಯವರು ಮಾಡುತ್ತೇವೆ ಎಂದು ಒಪ್ಪಿಕೊಂಡ ಕೆಲಸಗಳ ಪಟ್ಟಿ, ಇಷ್ಟಾದರೂ ಕನ್ನಡದಲ್ಲಿ ಬರಲಿ. ಅನುವಾದ ಮಾಡಿದವರ ಹೆಸರನ್ನು ಕೊನೆ ಪುಟದಲ್ಲಿ ಹಾಕಲಿ. ಲಗ್ನಪತ್ರಿಕೆಯಲ್ಲಿ ಮಾವನ ಹೆಸರು ತಪ್ಪಾದರೆ ಜನ ನನ್ನನ್ನೇ ಬಂದು ಹಿಡಿಯುತ್ತಾರೆ. ‘ಸಸ್ಯದ ಸಾಮರ್ಥ್ಯ’ಕ್ಕೆ ಯಾರನ್ನು ಹಿಡಿಯುವುದು?

ಆಲಿಕೆ ದಿನ ಆ ಹಿರಿಯರು ನಾನು ಬರೆದುಕೊಟ್ಟ ಚೀಟಿ ಹಿಡಿದು ಮೈಕ್ ಹತ್ತಿರ ಹೋದರು. 94, 4, 98. ಮೂರೇ ಅಂಕಿ ಓದಿ, "ಇದರಾಗ ನನ್ನ ಹತ್ತಿ ಎಲ್ಲಿ ಐತ್ರೀ?" ಅಂತ ಕೇಳಿದರು. ಧೂಳು ಹಿಡಿಯುವ ಹೊಸ ಬ್ಯಾಗ್ ಫಿಲ್ಟರ್ ಹಾಕುತ್ತೇವೆ ಅಂತ ವೇದಿಕೆಯಿಂದ ಉತ್ತರ ಬಂತು. ನಡಾವಳಿಯಲ್ಲಿ ಅವರ ಪ್ರಶ್ನೆ ಬರೆದುಕೊಂಡರು, ಕನ್ನಡದಲ್ಲೇ ಓದಿ ಹೇಳಿದರು.

ಆ 18 ಪುಟಗಳ ಒಂದು ಪ್ರತಿ ನನ್ನ ಹತ್ತಿರ ಇದೆ. ನಿಮ್ಮ ವರದಿಗಾರರಿಗೆ ಬೇಕಾದರೆ ಕೊಡುತ್ತೇನೆ. ಜೆರಾಕ್ಸ್ ದುಡ್ಡು ಬೇಡ.

ಇಂತಿ,
ಜೆರಾಕ್ಸ್ ಅಂಗಡಿಯವಳು, ಕೊಪ್ಪಳ ಜಿಲ್ಲೆ
(ನನ್ನ ಮತ್ತು ಊರಿನ ಹೆಸರು ದಯವಿಟ್ಟು ಹಾಕಬೇಡಿ. ಕಾರ್ಖಾನೆಯವರೂ ನನ್ನ ಗಿರಾಕಿಗಳೇ.)