ಅತ್ತೆ ನೆಲದಿಂದ ಎದ್ದ ರಾತ್ರಿ

ಹೋದ ಶನಿವಾರ ಹಾಸನದಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂತು, ನಾನು ಕೆಲಸ ಮಾಡಿದ ಆ್ಯನಿಮೇಷನ್ ಸಿನಿಮಾ ನೋಡಿದೆವು. ಹದಿಮೂರು ಜನ, ಎರಡು ಸಾಲು. ಅವತ್ತಿನಿಂದ ಫೋನು ಸುಮ್ನಾಗಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಕೆ ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸರಿ ಮಾಡಿಬಿಡುತ್ತೇನೆ. ಇಡೀ ಸಿನಿಮಾ ನಾನೇ ಮಾಡಿದ್ದು ಅಂತ ಅರಸೀಕೆರೆ ನೆಂಟರ ಕಡೆ ಸುದ್ದಿ ಹಬ್ಬಿದೆಯಂತೆ. ಇಲ್ಲಪ್ಪ. ನನ್ನ ಪಾಲಿಗೆ ಬಂದದ್ದು 19 ಶಾಟ್. ಎಲ್ಲ ಸೇರಿಸಿದರೆ 78 ಸೆಕೆಂಡ್. ಪಾತ್ರಗಳ ಚಿತ್ರ ಬರೆದವರು ಬೇರೆ, ಅವಕ್ಕೆ ಮೂಳೆ, ಕೀಲು ಕೂರಿಸಿದವರು ಬೇರೆ, ಬಟ್ಟೆ, ಕೂದಲು, ಬೆಳಕು ನೋಡಿಕೊಂಡವರು ಬೇರೆ. ನಾನು ಕಂಪ್ಯೂಟರಿನಲ್ಲಿ ಆ ಗೊಂಬೆಗಳನ್ನು ಆಡಿಸುವವಳು, ಅಷ್ಟೇ. ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ವಾರವಿಡೀ ಕೂತರೆ ಮೂರು ನಾಲ್ಕು ಸೆಕೆಂಡ್ ಆಗುತ್ತೆ, ಅದೂ ಡೈರೆಕ್ಟರ್ ಒಪ್ಪಿದರೆ.

ಅಪ್ಪ ಆಸ್ಪತ್ರೆಯಲ್ಲಿದ್ದ ಆ ತಿಂಗಳುಗಳ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ. ಈಗ ಅವರು ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ಹಾಕುತ್ತಾರೆ, ಮೂರನೇದಕ್ಕೆ ಅಮ್ಮ ಬಿಡಲ್ಲ. ಅಮ್ಮನಿಗೆ, ಇಂಟರ್ನೆಟ್ ಬಿಲ್ ಸುಮ್ನೆ ಕಟ್ಟಿದ ತಮ್ಮನಿಗೆ, ಹಾಸನಾಂಬೆ ಬಾಗಿಲು ತೆಗೆದಾಗ ನನ್ನ ಹೆಸರಲ್ಲಿ ಸಾಲಿನಲ್ಲಿ ನಿಂತ ದೊಡ್ಡಮ್ಮನಿಗೆ, ಹಾರ್ಡ್ ಡಿಸ್ಕ್ ಕೊಟ್ಟು ವಾಪಸ್ ಕೇಳದ ಗೆಳೆಯರಿಗೆ, ನನ್ನ ಶಾಟುಗಳನ್ನು ಹಂಚಿಕೊಂಡು ಮಾಡಿದ ಸ್ಟುಡಿಯೋದ ಜೊತೆಗಾರರಿಗೆ, ತಾಳ್ಮೆ ಕಳೆದುಕೊಳ್ಳದ ನಮ್ಮ ಟೀಮ್ ಲೀಡ್‌ಗೆ, ಎಲ್ಲರಿಗೂ ಥ್ಯಾಂಕ್ಸ್. ಯಾರಾದರೂ ಬಿಟ್ಟುಹೋಗಿದ್ದರೆ ಬೈಯಿರಿ, ಸೇರಿಸುತ್ತೇನೆ.

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಮಾತ್ರ ಬೇರೆಯಾಗಿ ಒಂದು ನಮಸ್ಕಾರ. ಪಿಯುಸಿ ಆದ ಮೇಲೆ ನಾನೊಂದು ಮಲ್ಟಿಮೀಡಿಯಾ ಕೋರ್ಸಿಗೆ ಫೀಸು ಕಟ್ಟಿ, ಎಂಟು ತಿಂಗಳು ಯಾವ ಬಟನ್ ಎಲ್ಲಿದೆ ಅನ್ನೋದನ್ನು ಕಲಿತೆ. ಈ ಕೆಲಸಕ್ಕೆ ಬೇಕಾದದ್ದನ್ನು ಮೇಷ್ಟ್ರು ಅದಕ್ಕೂ ಮುಂಚೆ ಬೇಲೂರಿನಲ್ಲಿ, ಬಿಸಿಲಲ್ಲಿ ನಿಲ್ಲಿಸಿ ಹೇಳಿಕೊಟ್ಟಿದ್ದರು. ನಾವೆಲ್ಲ ಮದನಿಕೆಯರ ಒಡವೆ ಬರೆಯುತ್ತಾ ಕೂತರೆ ಅವರು ನೋಟ್‌ಬುಕ್ ಕಿತ್ತುಕೊಂಡು ಕೇಳೋರು: "ಒಡವೆ ಆಮೇಲೆ. ಇವಳ ಭಾರ ಯಾವ ಕಾಲ ಮೇಲಿದೆ, ಅದು ಹೇಳು." ಭಾರ ಒಂದು ಕಾಲಿಗೆ ಹೋದರೆ ಆ ಕಡೆ ಸೊಂಟ ಏರುತ್ತೆ, ಭುಜ ಇಳಿಯುತ್ತೆ. ಎಂಟುನೂರು, ಒಂಬೈನೂರು ವರ್ಷದಿಂದ ಕಲ್ಲಲ್ಲಿ ನಿಂತಿರೋರಿಗೂ ಅದು ತಪ್ಪಿಲ್ಲ. ನಾನು ಕಂಪ್ಯೂಟರಿನಲ್ಲಿ ಅದನ್ನೇ ಮರೆತಿದ್ದೆ.

ಇನ್ನು ಅತ್ತೆ.

ಅಪ್ಪನ ಅಕ್ಕ. ಹಳೇಬೀಡಿನ ಹತ್ತಿರದ ಊರಲ್ಲಿರುತ್ತಾರೆ. ಅಮ್ಮ ಆಸ್ಪತ್ರೆಯಲ್ಲೇ ಉಳಿಯಬೇಕಾದಾಗ ಒಂದು ಚೀಲದಲ್ಲಿ ಎರಡು ಸೀರೆ, ಇನ್ನೊಂದು ಚೀಲದಲ್ಲಿ ಅವರೆಕಾಯಿ ತುಂಬಿಕೊಂಡು ಬಂದಿಳಿದರು. ನಾನು ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆಗ ನನ್ನ ಕೈಲಿದ್ದ ಶಾಟಿನಲ್ಲಿ ದೊಡ್ಡ ಸಾಹಸ ಏನೂ ಇರಲಿಲ್ಲ. ಸಿನಿಮಾದ ಅಜ್ಜಿ ನೆಲದಿಂದ ಏಳುತ್ತಾಳೆ, ಬಾಗಿಲ ಕಡೆ ಒಂದು ಹೆಜ್ಜೆ ಇಡುತ್ತಾಳೆ. 112 ಫ್ರೇಮ್. ಐದು ಸೆಕೆಂಡೂ ಇಲ್ಲ.

ನಾಲ್ಕು ಸಲ, ಮಾಡಿದ ಕೆಲಸ ತೋರಿಸಿ ಒಪ್ಪಿಸೋ ಡೈಲೀಸ್‌ನಿಂದ ವಾಪಸ್ ಬಂತು. ನಾಲ್ಕು ಸಲವೂ ಒಂದೇ ಮಾತು: ತೂಕ ಇಲ್ಲ. ಬ್ಲಾಕಿಂಗ್‌ನಲ್ಲಿ, ಅಂದರೆ ಮುಖ್ಯ ಭಂಗಿಗಳನ್ನು ಮಾತ್ರ ಇಟ್ಟು ನೋಡುವಾಗ, ಚೆನ್ನಾಗೇ ಕಾಣುತ್ತಿತ್ತು. ಮಧ್ಯದ ಚಲನೆ ಕೂಡಿಸಿ ಸ್ಪ್ಲೈನ್ ಮಾಡಿದ ತಕ್ಷಣ ಅಜ್ಜಿ ನೀರಲ್ಲಿ ತೇಲುತ್ತಿದ್ದಳು. ನಾನೇ ಎದ್ದು ಕೂತು ಮೊಬೈಲಿನಲ್ಲಿ ರೆಫರೆನ್ಸ್, ಅಂದರೆ ನೋಡಿಕೊಂಡು ಮಾಡೋಕೆ ವಿಡಿಯೋ, ತೆಗೆದುಕೊಂಡಿದ್ದೆ. ಆದರೆ ನನಗೆ 26 ವರ್ಷ. ಎಷ್ಟು ಮುದುಕಿ ತರ ಆಡಿದರೂ ಮಂಡಿಗೆ ಗೊತ್ತಿಲ್ಲವಲ್ಲ.

ಬೆಳಗ್ಗೆ ಐದನೇ ಸಲ ತೋರಿಸಬೇಕಿತ್ತು. ಅದೇ ಸಂಜೆ ಡಾಕ್ಟರು ಅಮ್ಮನಿಗೆ ಹೇಳಿದ ಮಾತು, ಅದನ್ನು ಅಮ್ಮ ನನಗೆ ಹೇಳಿದ ರೀತಿ, ಎರಡೂ ಬೇಡ ಬಿಡಿ. ರಾತ್ರಿ ಒಂದು ಗಂಟೆಗೆ ನಾನು ಲೀಡ್‌ಗೆ ಒಂದು ಮೆಸೇಜ್ ಟೈಪ್ ಮಾಡಿ ಇಟ್ಟಿದ್ದೆ. ಶಾಟು ಬೇರೆಯವರಿಗೆ ಕೊಡಿ, ನನ್ನನ್ನೂ ಬಿಟ್ಟುಬಿಡಿ ಅಂತ. ಈ ವಿಷಯ ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಅಪ್ಪ ಅಲ್ಲಿ ಹಾಗೆ ಮಲಗಿರುವಾಗ ನಾನಿಲ್ಲಿ ಯಾವುದೋ ಗೊಂಬೆಯ ಮಂಡಿ ಬಗ್ಗಿಸುತ್ತಾ ಕೂತಿದ್ದೇನಲ್ಲ ಅಂತ ನನ್ನ ಮೇಲೆ ನನಗೇ ಅಸಹ್ಯ. ಫೋನಿನ ಬೆಳಕು ಹತ್ತಿದರೆ ಹೊಟ್ಟೆಯಲ್ಲಿ ತಣ್ಣಗಾಗೋದು.

ಅತ್ತೆ ನೀರು ಕುಡಿಯೋಕೆ ಎದ್ದು ಬಂದರು. ಹಿಂದೆ ನಿಂತು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು.

"ಯಾವೂರ್ ಮುದುಕಿನೇ ಇದು? ಸ್ಪ್ರಿಂಗ್ ಇಟ್ಟಂಗೆ ಏಳ್ತಾಳಲ್ಲ."

ನಾಲ್ಕು ಸಲ ಬಂದ ನೋಟ್ಸ್ ಎಲ್ಲ ಅದರಲ್ಲೇ ಇತ್ತು. ನನಗೆ ನಗೂನೂ ಬಂತು, ಅಳೂನೂ ಬಂತು. ಅತ್ತೆ ಏನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತರು. "ಹಿಡ್ಕೋ ಫೋನು, ತೋರಿಸ್ತೀನಿ."

ಎದ್ದರು. ಮುಂದಿನಿಂದ, ಪಕ್ಕದಿಂದ, ಮತ್ತೆ ಮುಂದಿನಿಂದ ತೆಗೆದೆ. ಸಾಕು ಅತ್ತೆ ಅಂದರೆ "ಸರಿಯಾಗಿ ಬಂತಾ? ಇನ್ನೊಂದು ಸಲ ತಗೋ" ಅನ್ನೋರು.

ಆ ವಿಡಿಯೋಗಳನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದಾಗ ನಾನು ಎಲ್ಲೆಲ್ಲಿ ಸುಳ್ಳು ಹೇಳಿದ್ದೆ ಅಂತ ಕಂಡಿತು. ಏಳೋಕೆ ಮುಂಚೆ ಕಣ್ಣು ಹೋಗುತ್ತೆ, ಕೈ ಊರೋ ಜಾಗ ಹುಡುಕಿಕೊಂಡು. ಆಮೇಲೆ ಕೈ. ಆಮೇಲೆ ತಲೆ ಮೇಲಕ್ಕೆ ಬರಲ್ಲ, ಇನ್ನೂ ಕೆಳಕ್ಕೆ, ಮುಂದಕ್ಕೆ ಬಗ್ಗುತ್ತೆ. ಭಾರ ಪಾದದ ಮೇಲೆ ಬರೋವರೆಗೂ ಸೊಂಟ ನೆಲ ಬಿಡಲ್ಲ. ಅರ್ಧ ಎದ್ದು ತೊಡೆ ಮೇಲೆ ಅಂಗೈ ಒತ್ತಿ ಒಂದು ಉಸಿರು. ಕೊನೆಗೆ ಬೆನ್ನು, ಅದೂ ಎದ್ದು ನಿಂತಾಗ ಅಲ್ಲ. ಒಂದು ಹೆಜ್ಜೆ ಇಟ್ಟಾದ ಮೇಲೆ, ನಡೆಯುತ್ತಾ ನಡೆಯುತ್ತಾ ನೆಟ್ಟಗಾಗುತ್ತೆ. ನನ್ನ ಅಜ್ಜಿಯ ಕಾಲು, ಬೆನ್ನು, ತಲೆ ಎಲ್ಲ ಒಂದೇ ಫ್ರೇಮಿನಲ್ಲಿ ಕೆಲಸ ಮುಗಿಸಿ ನಿಲ್ಲುತ್ತಿದ್ದವು. ತೇಲದೆ ಇನ್ನೇನು? ಹಾಗಂತ ವಿಡಿಯೋ ಇದ್ದಂಗೇ ನಕಲು ಹೊಡೆದರೆ ಗೊಂಬೆ ಸತ್ತಂಗಿರುತ್ತೆ. ಯಾವುದು ಹಿಡಿಯಬೇಕು, ಯಾವುದು ಬಿಡಬೇಕು, ಎಲ್ಲಿ ಸ್ವಲ್ಪ ಜಾಸ್ತಿ ಮಾಡಬೇಕು, ಅದು ನಮ್ಮ ಕೆಲಸ. ಅಲ್ಲಿವರೆಗೆ ಇಟ್ಟಿದ್ದ ಭಂಗಿಗಳನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ.

ವಿಡಿಯೋ ಲ್ಯಾಪ್‌ಟಾಪಿಗೆ ಹಾಕಿಕೊಂಡ ಮೇಲೆ ಅತ್ತೆ ಫೋನು ಈಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಆಸ್ಪತ್ರೆಯಿಂದ ಬಂದ್ರೆ ನಾನ್ ಎತ್ಕೋತೀನಿ. ನೀನು ನಿನ್ ಮುದುಕಿನ ನೋಡ್ಕೋ."

ಆಮೇಲೆ ಮಲಗಲಿಲ್ಲ. ರಾತ್ರಿ ನೆನೆಸಿಟ್ಟಿದ್ದ ಅವರೆಕಾಳು ಬೆಳಗ್ಗೆ ಹಿದುಕಬೇಕಿತ್ತು, ಆ ಪಾತ್ರೆ ಎಳೆದುಕೊಂಡು ನನ್ನ ಬೆನ್ನ ಹಿಂದೆ ಕೂತರು. ಒಂದೊಂದು ಬೇಳೆ ಸಿಪ್ಪೆಯಿಂದ ಜಾರಿ ತಟ್ಟೆಗೆ ಬೀಳೋ ಸದ್ದು, ನನ್ನ ಮೌಸಿನ ಸದ್ದು, ಮೂರು ಗಂಟೆ, ನಾಲ್ಕು ಗಂಟೆ. ಐದೂವರೆಗೆ ಫೋನ್ ಹೊಡೆದುಕೊಂಡಿತು. ನಾನು ತಿರುಗೋಕೂ ಆಗದೆ ಹಾಗೇ ಕೂತುಬಿಟ್ಟೆ. ಅತ್ತೆ "ಹೂಂ, ಹೂಂ" ಅಂದು ಇಟ್ಟರು.

"ಫ್ಲಾಸ್ಕ್ ತಗೊಂಡ್ ಬರಬೇಕಂತೆ. ಕಾಫಿ ಮಾಡ್ತೀನಿ, ನೀನು ಏಳ್ಬೇಡ."

ಮೆಸೇಜ್ ಅಳಿಸಿದೆ. ಐದನೇ ಸಲಕ್ಕೆ ಶಾಟು ಓಕೆ ಆಯಿತು.

ಆಮೇಲೆ ಎಣಿಸಿದೆ, ಒಟ್ಟು 17 ವಿಡಿಯೋ ಇವೆ. ಅತ್ತೆಗೆ 64 ವರ್ಷ. ಮಾರನೇ ದಿನ ಅವರ ಎಡ ಮಂಡಿ ಊದಿಕೊಂಡು, ನಾಲ್ಕು ದಿನ ಎಣ್ಣೆ ಹಚ್ಚಿಕೊಂಡು ಓಡಾಡಿದ್ದು ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಅದೂ ಚಿಕ್ಕಮ್ಮನ ಬಾಯಿಂದ. ಒಂದೇ ಮನೆಯಲ್ಲಿದ್ದೆ. ದಿನವಿಡೀ ಮುದುಕಿಯ ನಡಿಗೆ ನೋಡೋದೇ ಕೆಲಸವಾಗಿತ್ತು. ಆದರೂ ಕಾಣಲಿಲ್ಲ.

ಶನಿವಾರ ಆ ಶಾಟು ಬಂದಾಗ ನಾನು ಪರದೆ ನೋಡಲೇ ಇಲ್ಲ, ಪಕ್ಕದಲ್ಲಿದ್ದ ಅತ್ತೆಯನ್ನು ನೋಡುತ್ತಿದ್ದೆ. ಅಜ್ಜಿ ಕೈ ಊರಿದಳು, ಬಲಗಾಲು ಮುಂದಿಟ್ಟಳು, ಎದ್ದಳು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಪಾಪ ಕಣೆ, ಅವಳಿಗೂ ಎಡಗಾಲೇ ನೋವು."

ಅತ್ತೆ, ಬರೋ ಸೋಮವಾರ ಮೂಳೆ ಡಾಕ್ಟರ ಹತ್ತಿರ ಟೋಕನ್ ತಗೊಂಡಿದ್ದೇನೆ. ಬೆಳಗ್ಗೆ ಒಂಬತ್ತಕ್ಕೆ ಕಾರು ತರುತ್ತೇನೆ. ಹಸು ಇದೆ, ತೋಟ ಇದೆ ಅಂತ ಕತೆ ಹೇಳಬೇಡಿ. ಹಸುವಿನ ವಿಷಯ ಪಕ್ಕದ ಮನೆಯವರ ಹತ್ತಿರ ಆಗಲೇ ಮಾತಾಡಿದ್ದೇನೆ.