ಗೆಳೆಯನಿಗೊಂದು ಪತ್ರ: ಎಎ ಮೀಟಿಂಗ್ ಹುಡುಕುವ ಬಗ್ಗೆ

ಪ್ರಿಯ ಮಂಜ,

ತಿಪಟೂರಿನ ಹತ್ತಿರ ಎಎ, ಅಂದ್ರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋರ ಗುಂಪಿನ ಮೀಟಿಂಗ್ ಎಲ್ಲಿ ನಡೆಯುತ್ತೆ, ಪತ್ತೆ ಮಾಡೋದು ಹೇಗೆ ಅಂತ ಕೇಳಿದ್ದೀಯ. ಇದನ್ನೇ ಕೇಳೋರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ನಿನ್ನ ಹೆಸರು ಬದಲಾಯಿಸಿ, ಎಲ್ಲರೂ ಓದುವ ಹಾಗೆ ಬರೆದಿದ್ದೀನಿ.

ಮೀಟಿಂಗ್‌ಗಿಂತ ಮೊದಲು ಮೈ ವಿಚಾರ. ದಿನಾ ಒಂದು ಕ್ವಾರ್ಟರ್, ಅಂದ್ರೆ 180 ಎಂಎಲ್ ವಿಸ್ಕಿ, ಡಾಕ್ಟರ ಲೆಕ್ಕದಲ್ಲಿ ಆರು ಡ್ರಿಂಕ್. ವರ್ಷಗಟ್ಟಲೆ ಹೀಗೆ ಕುಡಿದು ಒಂದೇ ಸಲ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈ ನಡುಗಬಹುದು, ಮೈ ಬೆವರಬಹುದು. ಫಿಟ್ಸ್ ಬರೋದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತೆ, ಜ್ವರ ಏರುತ್ತೆ, ಎಲ್ಲಿದ್ದೀನಿ ಅನ್ನೋದೂ ಗೊತ್ತಾಗಲ್ಲ. ಆಗ ಎಮರ್ಜೆನ್ಸಿಗೇ ಓಡಬೇಕು, ಜೀವಕ್ಕೆ ಅಪಾಯ. ಆಣೆ ಹಾಕಿಕೊಂಡು ಒಬ್ಬನೇ ರೂಮಿನಲ್ಲಿ ಮಲಗಿ ಬಿಟ್ಟುಬಿಡ್ತೀನಿ ಅನ್ನೋದು ಬೇಡ.

ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಎಷ್ಟೋ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮಲ್ಲಿ ಯಾವತ್ತು ಅಂತ ಚೀಟಿ ಕೊಡೋ ಕೌಂಟರ್‌ನಲ್ಲಿ ಕೇಳಿಕೋ. ದಿನಕ್ಕೆ ಎಷ್ಟು ಎಂಎಲ್, ಕೊನೇ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಈ ಮೂರನ್ನೂ ಮುಚ್ಚಿಡದೆ ಹೇಳು. ಅರ್ಧ ಹೇಳಿದರೆ ಮಾತ್ರೆ ಡೋಸೂ ಅರ್ಧಕ್ಕೇ ನಿಲ್ಲುತ್ತೆ. ಬಿ1 ವಿಟಮಿನ್ ಇಂಜೆಕ್ಷನ್ ಬರೆದರೆ ಬೇಡ ಅನ್ನಬೇಡ. ಕುಡಿಯುವವರ ಮೈಯಲ್ಲಿ ಅದು ಬತ್ತಿಹೋಗಿರುತ್ತೆ, ಹಾಗೇ ಬಿಟ್ಟರೆ ಮರೆವು ಶಾಶ್ವತವಾಗಿ ಉಳಿಯಬಹುದು.

ಇನ್ನು ಗುಂಪು. ವಿಚಾರಿಸೋಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಎರಡಕ್ಕೂ ದುಡ್ಡು ಬೀಳಲ್ಲ. ಎಎಯವರ ಸಹಾಯವಾಣಿಗೆ ಮಾಡಿದರೆ ಎತ್ತೋದು ಸಾಮಾನ್ಯವಾಗಿ ಕುಡಿತ ಬಿಟ್ಟ ಒಬ್ಬ ಸದಸ್ಯ. ಬೆದರಬೇಡ. ವಿಳಾಸ ಕೇಳಿ ಫೋನ್ ಇಟ್ಟುಬಿಡಬೇಡ. ಪಟ್ಟಿಯಲ್ಲಿರೋ ಎಷ್ಟೋ ಗುಂಪುಗಳು ಜಾಗ ಬದಲಾಯಿಸಿರುತ್ತವೆ, ನಿಂತೂ ಹೋಗಿರುತ್ತವೆ. ಕಳೆದ ವಾರ ನಡೀತಾ, ಕನ್ನಡದಲ್ಲಿ ಮಾತಾಡ್ತಾರಾ, ಓಪನ್ನಾ ಕ್ಲೋಸ್ಡಾ, ಬಾಗಿಲ ಹತ್ತಿರ ಯಾರಾದರೂ ಸಿಗ್ತಾರಾ ಅಂತ ಕೇಳು. ಓಪನ್ ಅಂದ್ರೆ ಮನೆಯವರೂ ಬರಬಹುದು. ಕ್ಲೋಸ್ಡ್‌ಗೆ ಕುಡಿತ ಬಿಡಬೇಕು ಅನ್ನೋರು ಮಾತ್ರ. ತಿಪಟೂರಲ್ಲೇ ಇಲ್ಲ ಅಂದ್ರೆ ಅರಸೀಕೆರೆ, ತುಮಕೂರು ಕೇಳು. ಬಸ್ಸು ಇಲ್ಲದ ದಿನಕ್ಕೆ ಆನ್‌ಲೈನ್ ಮೀಟಿಂಗ್‌ಗಳೂ ಇವೆ.

ನನ್ನ ಕೇಳಿದರೆ, ಗುಂಪು ಆರಿಸೋಕೆ ಮೊದಲು ನೋಡಬೇಕಾದ್ದು ಗಡಿಯಾರ. ನಿನಗೆ ಕುಡಿಯೋ ಚಪಲ ಏಳೋದು ಸಂಜೆ ಅಂಗಡಿ ಮುಚ್ಚಿದ ಮೇಲೆ. ಆ ಹೊತ್ತಿಗೆ ಎಲ್ಲಿ ಕೂರೋಕೆ ಜಾಗ ಇದೆಯೋ ಅದೇ ನಿನ್ನ ಗುಂಪು. ಭಾನುವಾರ ಬೆಳಿಗ್ಗೆ ಹನ್ನೊಂದರ ಮೀಟಿಂಗ್ ಎಷ್ಟೇ ಚೆನ್ನಾಗಿರಲಿ, ಶನಿವಾರ ರಾತ್ರಿಗೆ ಅದರಿಂದ ಏನುಪಯೋಗ? ಮೊದಲ 90 ದಿನಕ್ಕೆ 90 ಮೀಟಿಂಗ್ ಅನ್ನೋದು ಅವರಲ್ಲಿ ಹಳೇ ಮಾತು. ಸಣ್ಣ ಊರಲ್ಲಿ ಅದು ಆಗದ ಮಾತು, ಸಿಕ್ಕಷ್ಟು ಹಿಡಿ.

ಜಾಗ ಹೆಚ್ಚಾಗಿ ಚರ್ಚಿನ ಹಿಂದಿನ ಕೋಣೆಯೋ ಶಾಲೆಯ ಕ್ಲಾಸ್‌ರೂಮೋ ಆಗಿರುತ್ತೆ. ಚರ್ಚಲ್ಲಿ ನಡೆದ ಮಾತ್ರಕ್ಕೆ ಮತಾಂತರ ಅಂದ್ಕೋಬೇಡ, ಬಾಡಿಗೆ ಕಡಿಮೆ ಅಂತ ಅಲ್ಲಿ ಸೇರ್ತಾರೆ ಅಷ್ಟೆ. ಹೊರಗೆ ಬೋರ್ಡ್ ಇಲ್ಲದಿದ್ದರೆ ವಾಚ್‌ಮನ್‌ನ ಕೇಳು. ಮೊದಲು ಒಬ್ಬರು ಒಂದು ಪುಟ ಓದ್ತಾರೆ, ಆಮೇಲೆ "ನನ್ನ ಹೆಸರು ಇಂಥದ್ದು, ನಾನೊಬ್ಬ ಆಲ್ಕೋಹಾಲಿಕ್" ಅಂತ ಶುರು ಮಾಡಿ ಒಬ್ಬೊಬ್ಬರೇ ಮಾತಾಡ್ತಾರೆ. ನಡುವೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನಿನ್ನ ಸರದಿ ಬಂದಾಗ "ಇವತ್ತು ಕೇಳಿಸ್ಕೋತೀನಿ" ಅಂದ್ರೆ ಮುಗೀತು. ಊರು, ಜಾತಿ, ಕೆಲಸ ಹೇಳಬೇಕಿಲ್ಲ. ಫೀಸಿಲ್ಲ, ಕೊನೆಗೆ ಡಬ್ಬಿ ಬರುತ್ತೆ, ಇದ್ದರೆ ಹತ್ತು ರೂಪಾಯಿ ಹಾಕು. ಮುಗಿದ ಕೂಡಲೇ ಎದ್ದು ಓಡಬೇಡ. ಫೋನ್ ನಂಬರ್‌ಗಳು ಕೈ ಬದಲಾಗೋದು ಆ ಟೀ ಹೊತ್ತಲ್ಲೇ. ಒಂದು ಗುಂಪು ಒಗ್ಗದಿದ್ದರೆ ಎಎಯೇ ಒಗ್ಗಲ್ಲ ಅಂತ ತೀರ್ಮಾನಿಸಬೇಡ, ಇನ್ನೆರಡು ಕಡೆ ಕೂತು ನೋಡು. ಯಾರಾದರೂ "ಡಾಕ್ಟರ್ ಮಾತ್ರೆ ನಿಲ್ಲಿಸು" ಅಂದ್ರೆ ಕೇಳಬೇಡ. ಅದು ಎಎ ಹೇಳೋ ಮಾತಲ್ಲ.

ದೇವರು, ಭಜನೆಯ ವಾತಾವರಣ ನಿನಗೆ ಹಿಡಿಸುತ್ತೆ ಅಂದ್ರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಇದೆ. ಎಂಟು ದಿನ ಅಲ್ಲೇ ಇರಬೇಕು. ನಿಜವಾದ ಕೆಲಸ ಶಿಬಿರ ಮುಗಿದ ಮೇಲೆ, ಕುಡಿತ ಬಿಟ್ಟವರು ಸೇರೋ ಊರಿನ ನವಜೀವನ ಸಮಿತಿಯಲ್ಲಿ. ಸಮಿತಿ ತಪ್ಪಿಸಿದವರು ಜಾರೋದು ಬೇಗ.

"ನಾವೇ ಬಂದು ಎತ್ಕೊಂಡು ಹೋಗ್ತೀವಿ, ಮೂರು ತಿಂಗಳ ದುಡ್ಡು ಮುಂಗಡ ಕಟ್ಟಿ" ಅನ್ನೋ ಸೆಂಟರ್‌ಗಳ ಹತ್ತಿರ ಹುಷಾರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕೇಳಿ, ಪತ್ರ ನೋಡು.

ಮನೇಲಿ ಸವಿತಾಗೂ ಒಂದು ಮಾತು ಹೇಳು. "ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ" ಅಂತ ಗೋಡೆ ಮೇಲೆ ಬರೆದಿರೋ ಪುಡಿ ತರೋದು ಬೇಡ. ಅದರಲ್ಲಿ ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸೋ ಔಷಧಿ ಇದ್ದು, ನೀನು ಅದರ ಮೇಲೆ ಕುಡಿದರೆ ವಾಂತಿ ಆಗುತ್ತೆ, ಬಿಪಿ ಕುಸಿಯುತ್ತೆ, ಪ್ರಾಣವೇ ಹೋಗಬಹುದು. ಮನೆಯವರಿಗೆ ಅಂತಲೇ ಅಲ್-ಅನಾನ್ ಗುಂಪುಗಳಿವೆ. ನೀನು ಮೀಟಿಂಗ್‌ಗೆ ಹೋಗದೆ ಹಟ ಹಿಡಿದರೂ ಅವಳು ಅಲ್ಲಿಗೆ ಹೋಗಬಹುದು, ನಿನ್ನ ಒಪ್ಪಿಗೆ ಬೇಕಿಲ್ಲ.

ಇಂತಿ ನಿನ್ನ,
ರಾಘು