ಸೆಕ್ಸ್‌ಟಂಟ್ ಹೆಣ್ಣುಮಕ್ಕಳ ಕೈಗೂ ಬರಲಿ

ಸಂಪಾದಕರೇ,

ಸೂರ್ಯ, ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದೆ ಅಂತ ಸೆಕ್ಸ್‌ಟಂಟ್ ಎಂಬ ಕೋನ ಅಳೆಯುವ ಉಪಕರಣದಲ್ಲಿ ನೋಡಿ ಕಡಲಲ್ಲಿ ದಾರಿ ಕಂಡುಕೊಳ್ಳುವ ವಿದ್ಯೆಯನ್ನು ಹೆಣ್ಣುಮಕ್ಕಳು ಕಲಿಯುತ್ತಿರುವುದು ನನಗೆ ತುಂಬಾ ಖುಷಿ ಕೊಟ್ಟಿದೆ. ಆದರೆ ಇದೇನೋ ಹೊಸದು ಅನ್ನೋ ಹಾಗೆ ಮಾತಾಡಬೇಡಿ. 1851ರಲ್ಲಿ ಫ್ಲೈಯಿಂಗ್ ಕ್ಲೌಡ್ ಹಡಗು ನ್ಯೂಯಾರ್ಕ್ ಬಿಟ್ಟು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ 89 ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿ ದಾಖಲೆ ಮಾಡಿತಲ್ಲ, ಅದರ ದಾರಿಯ ಲೆಕ್ಕ ಹಾಕಿದ್ದು ಕ್ಯಾಪ್ಟನ್‌ನ ಹೆಂಡತಿ ಎಲೀನರ್ ಕ್ರೀಸಿ. 2023ರಲ್ಲಿ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಸೆಕ್ಸ್‌ಟಂಟ್ ನಂಬಿಕೊಂಡು, ಒಬ್ಬರೇ ಭೂಮಿ ಸುತ್ತಿ ಗೋಲ್ಡನ್ ಗ್ಲೋಬ್ ರೇಸ್ ಎಂಬ ಹಾಯಿದೋಣಿ ಸ್ಪರ್ಧೆ ಗೆದ್ದರು.

ಇದಕ್ಕೆ ತೋಳ್ಬಲ ಬೇಕಿಲ್ಲ. ಸೆಕ್ಸ್‌ಟಂಟ್‌ನ ದುರ್ಬೀನಿನಲ್ಲಿ ಕಣ್ಣಿಟ್ಟು, ಸೂರ್ಯನ ಬಿಂಬವನ್ನು ಮೆಲ್ಲಗೆ ಇಳಿಸಬೇಕು, ಉಪಕರಣವನ್ನು ಸ್ವಲ್ಪ ಅತ್ತಿತ್ತ ಓಲಾಡಿಸಿದಾಗ ಬಿಂಬ ಕಮಾನಿನಂತೆ ತೂಗುತ್ತದೆ, ಅದರ ಕೆಳ ಅಂಚು ದಿಗಂತವನ್ನು ಸುಮ್ನೆ ಸವರುವ ಕ್ಷಣದಲ್ಲಿ ಕೋನವನ್ನೂ ಸಮಯವನ್ನೂ ಬರೆದುಕೊಳ್ಳಬೇಕು. ಗಡಿಯಾರ 4 ಸೆಕೆಂಡ್ ತಪ್ಪಿದರೂ ಸಮಭಾಜಕದ ಹತ್ತಿರ ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್, ಆಚೀಚೆ ಆಗುತ್ತದೆ! ಬೇಕಾಗಿರುವುದು ತಾಳ್ಮೆ, ಗಮನ, ಅಭ್ಯಾಸ.

ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರು ಜಾಸ್ತಿ. ಸಿಗ್ನಲ್ ತಡೆಯಬಹುದು, ಸುಳ್ಳು ಸಿಗ್ನಲ್ ಕಳಿಸಬಹುದು, ಸಿಡಿಲು ಬಡಿದರೆ ದೋಣಿಯ ವಿದ್ಯುತ್ತೇ ಹೋಗಬಹುದು. ಆಗ ಧ್ರುವ ನಕ್ಷತ್ರದ ಎತ್ತರ ಅಳೆದರೆ ಉತ್ತರ ಗೋಳಾರ್ಧದಲ್ಲಿ ನಿಮ್ಮ ಅಕ್ಷಾಂಶ ಹೆಚ್ಚುಕಡಿಮೆ ಸಿಕ್ಕೇಬಿಡುತ್ತದೆ, ಅಲ್ವಾ?

ತರಬೇತಿ ಕೊಡುವವರಲ್ಲಿ ನನ್ನದೊಂದೇ ಕೋರಿಕೆ. ಹೆಣ್ಣುಮಕ್ಕಳನ್ನು ಸೂರ್ಯ, ನಕ್ಷತ್ರಗಳ ಸ್ಥಾನದ ಕೋಷ್ಟಕ ನೋಡಿ ಲೆಕ್ಕ ಬರೆಯುವ ಮೇಜಿಗಷ್ಟೇ ಕೂರಿಸಬೇಡಿ. ಹೊಯ್ದಾಡುವ ಡೆಕ್ ಮೇಲೆ ನಿಂತು ಅಳತೆ ತೆಗೆಯುವ ಸರದಿಯೂ ಅವರಿಗೆ ಸಮನಾಗಿ ಸಿಗಲಿ.

– ಒಬ್ಬ ಓದುಗ